ಹುಡುಗನ ಬೇಸ್‌ಗೆ ಕೂತ ಸೆಟ್ಟಿಂಗ್ ಹಿರಿಯರ ಬೇಸ್‌ಗೆ ಕೂರಲಿಲ್ಲ

"ಪ್ರೀಸೆಟ್ (ಮೊದಲೇ ಉಳಿಸಿಟ್ಟ ಸೆಟ್ಟಿಂಗ್) ಬಿಟ್ಟು ಪ್ರತಿ ಹಾಡಿನ ಮಿಕ್ಸಿಂಗ್‌ಗೂ ಮೊದಲಿಂದ ಕೂತರೆ ಬಾಡಿಗೆ ಕಟ್ಟೋದು ಹೇಗೆ ಮಾರಾಯ?" ಅಂತ ಕೇಳುತ್ತಿದ್ದ ಗೆಳೆಯರೇ ಈಗ ಬೇಸ್ ಟ್ರ್ಯಾಕ್, ಅಂದರೆ ಬೇಸ್ ಗಿಟಾರ್‌ನ ರೆಕಾರ್ಡಿಂಗ್, ಹದ ಮಾಡಿಕೊಡು ಅಂತ ನನಗೆ ಕಳಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಪೆಟ್ಟು ಬಿದ್ದದ್ದು ಆರು ಭಾವಗೀತೆಗಳ ಕೆಲಸದಲ್ಲಿ. ಬೇಸ್ ನುಡಿಸಿದವರು ಇಬ್ಬರು. ಹುಡುಗನದು ಐದು ತಂತಿಯ ಜಾಝ್ ಮಾದರಿ, ಹೊಸ ಸ್ಟೀಲ್ ತಂತಿ, ಪಿಕ್ (ತಂತಿ ಮೀಟುವ ಚಿಪ್ಪು) ಹಿಡಿದು ಬ್ರಿಡ್ಜ್ (ತಂತಿ ಕೂರುವ ಬುಡದ ಪಟ್ಟಿ) ಪಕ್ಕದಲ್ಲೇ ಹೊಡೆಯುತ್ತಾನೆ. ದನಿ ತೆಳು, ಹಾಗಾಗಿ 80 ಹರ್ಟ್ಜ್ ಹತ್ತಿರದ ತಗ್ಗು ದನಿಯನ್ನು ಸುಮಾರು 4 ಡಿಬಿ (ಡೆಸಿಬೆಲ್) ಏರಿಸಿ, ದನಿಯ ಏರಿಳಿತ ತಗ್ಗಿಸುವ ಕಂಪ್ರೆಸರ್ ಬಿಗಿ ಮಾಡಿದೆ. ಚೆನ್ನಾಗಿ ಕೂತಿತು. ಅದನ್ನೇ ಹಿರಿಯರ ಟ್ರ್ಯಾಕ್‌ಗೂ ಹಾಕಿದೆ. ಅವರದು ಪ್ರಿಸಿಷನ್ ಮಾದರಿ, ವರ್ಷಗಟ್ಟಲೆ ಬದಲಾಯಿಸದ ತಂತಿ, ಮೀಟುವ ಬೆರಳು ನೆಕ್ (ಗಿಟಾರಿನ ಕತ್ತು) ಹತ್ತಿರ. ಬರೀ ಗುಂಯ್ ಅನ್ನೋ ಸದ್ದು. ತಬಲಾದ ಡಗ್ಗಾ ಅದರಡಿ ಮುಚ್ಚಿಹೋಯಿತು, ಫೋನಿನಲ್ಲಿ ಬೇಸ್ ಕೇಳಿಸಲೇ ಇಲ್ಲ. ಕೆಲಸ ಬೇರೆ ಸ್ಟುಡಿಯೋಗೆ ಹೋಯಿತು, ಇಪ್ಪತ್ತು ಇಪ್ಪತ್ತೆರಡು ಸಾವಿರ ರೂಪಾಯಿ ಕೈಬಿಟ್ಟುಹೋಯಿತು. ಸಿಟ್ಟಿಗೆ ಹದಿನಾಲ್ಕು ಸಾವಿರದ ಕಂಪ್ರೆಸರ್ ಪ್ಲಗಿನ್ (ಸಾಫ್ಟ್‌ವೇರ್) ಕೊಂಡೆ. ಏನೂ ಬದಲಾಗಲಿಲ್ಲ.

ಒಂದು ಸಂಜೆ ಇಬ್ಬರನ್ನೂ ಕೂರಿಸಿ, ವಾದ್ಯ ಅದಲುಬದಲು ಮಾಡಿಸಿ, ಒಂದೇ ಸಾಲನ್ನು ನಾಲ್ಕು ಸಲ ರೆಕಾರ್ಡ್ ಮಾಡಿದೆ. ಹುಡುಗನ ಬೇಸ್ ಹಿಡಿದರೂ ಹಿರಿಯರು ಹಿರಿಯರ ಥರವೇ ಕೇಳಿಸಿದರು! ಅವರ ಸ್ವರಗಳ ನಡುವೆ ಏರಿಳಿತ ಮೂರು ನಾಲ್ಕು ಡಿಬಿ, ಹುಡುಗನದು ಹತ್ತರ ಮೇಲೆ. ಅವರಿಗೆ ಕಂಪ್ರೆಸರ್ ಹೆಚ್ಚುಕಡಿಮೆ ಬೇಡವೇ ಬೇಡ. ವಾದ್ಯಕ್ಕೂ ಅದರ ಪಾಲು ಇದೆ. ಎಲ್ಲರೂ ಅಭ್ಯಾಸಬಲದಿಂದ 40 ಹರ್ಟ್ಜ್ ಕೆಳಗೆ ಕತ್ತರಿಸುತ್ತೇವೆ ಅಲ್ವಾ? ನಾಲ್ಕು ತಂತಿಗೆ ಸರಿ, ಅದರ ಅತಿ ತಗ್ಗಿನ ಸ್ವರ ಇ 41 ಹರ್ಟ್ಜ್. ಐದನೇ ತಂತಿಯ ಬಿ ಸ್ವರ 31ರ ಹತ್ತಿರ, ಅದರ ಬುಡವೇ ಹೋಗುತ್ತದೆ.

ಈಗ ಮೊದಲ ಇಪ್ಪತ್ತು ನಿಮಿಷ ಒಂದು ನಾಬ್ ಕೂಡ ಮುಟ್ಟುವುದಿಲ್ಲ. ಸುಮ್ನೆ ಕೂತು ಕೈ ನೋಡುತ್ತೇನೆ. ಹಿರಿಯರಂಥವರಿಗೆ 200 ಹರ್ಟ್ಜ್ ಸುತ್ತ ಮೂರು ಡಿಬಿ ಇಳಿಸಿ, ಟ್ರ್ಯಾಕ್‌ನ ನಕಲಿಗೆ ಸ್ಯಾಚುರೇಶನ್ (ದನಿಗೆ ತುಸು ಒರಟುತನ) ಕೊಟ್ಟು, ನಕಲಿನ ಕೆಳಭಾಗ ಕತ್ತರಿಸಿ ಅಡಿಯಲ್ಲಿ ಬೆರೆಸುತ್ತೇನೆ. ಫೋನ್ ಸ್ಪೀಕರ್‌ನಲ್ಲಿ ಮೂಲ ಸ್ವರ ಬರದಿದ್ದರೂ ಮೇಲಿನ ಹಾರ್ಮೋನಿಕ್ (ಜೊತೆಗೆ ಹುಟ್ಟುವ ಎತ್ತರದ ಸ್ವರಗಳು) ಕೇಳಿ ಕಿವಿ ಅದನ್ನು ತುಂಬಿಕೊಳ್ಳುತ್ತದೆ. ಹುಡುಗನಿಗೆ ಎರಡು ಕಂಪ್ರೆಸರ್, ಒಂದು ಪಿಕ್‌ನ ಟಕ್ ಹಿಡಿಯಲು, ಇನ್ನೊಂದು ನಿಧಾನದ್ದು. ಯಾವುದು ಮೊದಲು ಅನ್ನುವುದು ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದು ಪ್ರಯೋಗ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್‌ಸನ್ ತಂತಿ ಅಡಿ ಸ್ಪಾಂಜ್ ಇಟ್ಟು, ಒಂದೇ ತೋರುಬೆರಳಲ್ಲಿ ನುಡಿಸುತ್ತಿದ್ದರು. ನಾನೂ ಪಾತ್ರೆ ತೊಳೆಯುವ ಹತ್ತು ರೂಪಾಯಿ ಸ್ಪಾಂಜ್ ಕತ್ತರಿಸಿ ಬ್ರಿಡ್ಜ್ ಹತ್ತಿರ ಸಿಕ್ಕಿಸಿದೆ. ಸ್ವರ ಬೇಗ ನಿಂತಿತು, ಡಗ್ಗಾಕ್ಕೆ ಜಾಗ ಸಿಕ್ಕಿತು. ಹದಿನಾಲ್ಕು ಸಾವಿರ ಮಾಡದ ಕೆಲಸ ಅದು ಮಾಡಿತು. ಹುಡುಗನ ಕೈಗೆ ಮಾತ್ರ ಅದು ಒಗ್ಗಲಿಲ್ಲ, ಬರೀ ಟಕ್ ಟಕ್ ಉಳಿಯಿತು, ಅವತ್ತೇ ತೆಗೆದುಹಾಕಿದೆ.