ಸೆಕೆಂಡ್ ಹ್ಯಾಂಡ್ ಫೋನ್: ದುಡ್ಡು ಕೊಡುವ ಮುಂಚೆ ಇಷ್ಟು ನೋಡಿ

ಹೊಸ ಫೋನಿಗೆ ಒಮ್ಮೆಲೇ ಅಷ್ಟು ದುಡ್ಡು ಸುರಿಯಲು ಧೈರ್ಯ ಬರದವರಿಗೆ ಒಂದೆರಡು ವರ್ಷ ಹಳೆಯ ಒಳ್ಳೆ ಮಾಡೆಲ್ ಸರಿಯಾದ ದಾರಿ. ಆದರೆ ಕ್ಯಾಮೆರಾ, ಮೆಮೊರಿಗಿಂತ ಮೊದಲು ಸೆಕ್ಯುರಿಟಿ ಅಪ್‌ಡೇಟ್ ಎಲ್ಲಿಯವರೆಗೆ ಬರುತ್ತದೆ ನೋಡಿ. ಈ ಲೆಕ್ಕ ಶುರುವಾಗುವುದು ಮಾಡೆಲ್ ಮಾರುಕಟ್ಟೆಗೆ ಬಂದಾಗಿನಿಂದ, ನೀವು ಕೊಂಡ ದಿನದಿಂದಲ್ಲ. ಗೂಗಲ್‌ನ ಪಿಕ್ಸೆಲ್ 8 ಫೋನ್ ಬಂದದ್ದು 2023ರಲ್ಲಿ, ಅದಕ್ಕೆ 7 ವರ್ಷದ ಅಪ್‌ಡೇಟ್, ಅಂದರೆ 2030ರವರೆಗೆ. ನಾಲ್ಕೇ ವರ್ಷ ಅಪ್‌ಡೇಟ್ ಇರುವ ಮಾಡೆಲನ್ನು ಮೂರು ವರ್ಷ ಕಳೆದ ಮೇಲೆ ಕೊಂಡರೆ ನಿಮಗೆ ಉಳಿಯುವುದು ಒಂದೇ ವರ್ಷ. ಬ್ಯಾಂಕ್ ಆ್ಯಪ್ ಬಳಸುವವರು ಇದರಲ್ಲಿ ದಯವಿಟ್ಟು ರಾಜಿಯಾಗಬೇಡಿ.

ಫೋನ್ ಕೈಗೆ ಬಂದ ತಕ್ಷಣ *#06# ಒತ್ತಿ. ಪರದೆ ಮೇಲೆ ಬರುವ 15 ಅಂಕಿಯ ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ), ಡಬ್ಬಿ ಮತ್ತು ಬಿಲ್‌ನಲ್ಲಿರುವುದಕ್ಕೆ ತಾಳೆಯಾಗಬೇಕು. ಆಮೇಲೆ ಮಾರುವವರು ನಿಮ್ಮೆದುರೇ ತಮ್ಮ ಗೂಗಲ್ ಖಾತೆ ತೆಗೆದು, ಸೆಟ್ಟಿಂಗ್ಸ್‌ನಿಂದಲೇ ರೀಸೆಟ್ ಮಾಡಲಿ. ಖಾತೆ ತೆಗೆಯದೆ ರಿಕವರಿ ಮೋಡ್‌ನಿಂದ (ಫೋನ್ ಆಫ್ ಮಾಡಿ ಬಟನ್‌ಗಳನ್ನು ಒತ್ತಿ ತೆರೆಯುವ ಮೆನು) ರೀಸೆಟ್ ಮಾಡಿದ್ದರೆ ಫೋನ್ ಹಳೆಯ ಖಾತೆಯನ್ನೇ ಕೇಳುತ್ತಾ ನಿಂತುಬಿಡುತ್ತದೆ. ಎಷ್ಟೋ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಹಾಗಾಗಿ ನಿಮ್ಮ ಖಾತೆಗೆ ಲಾಗಿನ್ ಆಗುವುದನ್ನು ಕಣ್ಣಾರೆ ನೋಡಿ, ಸಿಮ್ ಹಾಕಿ ಒಂದು ಕರೆ ಮಾಡಿ, ನಂತರವೇ ದುಡ್ಡು ಕೊಡಿ.

ಐಫೋನ್ ಆದರೆ ಬ್ಯಾಟರಿ ಹೆಲ್ತ್ (ಹೊಸದಿದ್ದಾಗಿನ ಸಾಮರ್ಥ್ಯದಲ್ಲಿ ಈಗ ಉಳಿದದ್ದು) ಶೇ. 80ಕ್ಕಿಂತ ಕಡಿಮೆ ಇದ್ದಾಗ ಹೊಸ ಬ್ಯಾಟರಿಯ ಖರ್ಚನ್ನೂ ಬೆಲೆಗೆ ಕೂಡಿಸಿಕೊಳ್ಳಿ. ಯಾವುದೇ ಫೋನಿರಲಿ, ಅಂಚಿನಲ್ಲಿ ಪರದೆ ಮೇಲೆದ್ದಿದ್ದರೆ ಅಥವಾ ಹಿಂಬದಿ ಉಬ್ಬಿದ್ದರೆ ಬೇಡವೇ ಬೇಡ. ಒಳಗೆ ಬ್ಯಾಟರಿ ಊದಿಕೊಂಡಿರುವ ಸಾಧ್ಯತೆ ಹೆಚ್ಚು.

ಮೊದಲ ಎರಡು ವಾರ ಸಿಮ್, ಬ್ಯಾಂಕ್ ಆ್ಯಪ್ ಎರಡೂ ನೀವು ಈವರೆಗೆ ಬಳಸುತ್ತಿದ್ದ ಫೋನಲ್ಲೇ ಇರಲಿ. ಈಗ ಕೊಂಡದ್ದನ್ನು ವೈಫೈನಲ್ಲಿ ಬಳಸಿ ಕೈಗೆ ರೂಢಿ ಮಾಡಿಕೊಳ್ಳಿ.