ಬ್ರೌಸರ್ ತೆರೆದರೆ ಹ್ಯಾಂಗ್: ದೋಷ ಯಾರದ್ದು ಅಂತ ಪತ್ತೆ ಹಚ್ಚಿದ್ದು ಹೀಗೆ

ದಾವಣಗೆರೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಎಲ್ಲ ಮಷಿನ್‌ಗಳಲ್ಲೂ ಇರುವುದು ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ಮಿಂಟ್. ಅದರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಮಷಿನ್‌ಗೆ ವಿಚಿತ್ರ ಕಾಯಿಲೆ. ಲಿಬ್ರೆ ಆಫೀಸ್‌ನಲ್ಲಿ ದಿನವಿಡೀ ಟೈಪ್ ಮಾಡಿದರೂ ಏನೂ ಆಗುತ್ತಿರಲಿಲ್ಲ. ಫೈರ್‌ಫಾಕ್ಸ್ ತೆಗೆದು ನಾಲ್ಕೈದು ಟ್ಯಾಬ್ ಮಾಡಿದರೆ ಸಾಕು, ಸ್ಕ್ರೀನ್ ಇದ್ದಲ್ಲೇ ನಿಂತುಬಿಡುತ್ತಿತ್ತು. ಅರ್ಧ ಅರ್ಜಿ ತುಂಬಿದಾಗ ಹೀಗಾದರೆ ಎದುರು ಕೂತವರು ಕೇಳದೆ ಬಿಡುತ್ತಾರಾ? "ಎಲ್ಲಾ ಹೋತೇನಣ್ಣಾ?"

ರ್‍ಯಾಮ್ ಹೋಗಿದೆ ಅಂದರು ರಿಪೇರಿಯವರು. ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಹಾಕಿ ರಾತ್ರಿಯಿಡೀ ಬಿಟ್ಟೆ, ಒಂದೂ ದೋಷ ತೋರಿಸಲಿಲ್ಲ. ಬೇಸಿಗೆಯಲ್ಲಿ ನಮ್ಮೂರಿನ ಸೆಕೆ ಗೊತ್ತಲ್ವಾ, ಹಾಗಾಗಿ ಸೆನ್ಸರ್ಸ್ ಕಮಾಂಡ್‌ನಿಂದ ಬಿಸಿಯನ್ನೂ ನೋಡಿದೆ. ಅದೂ ಸರಿ ಇತ್ತು.

ನಿಜವಾಗಿ ದಾರಿ ತೋರಿಸಿದ್ದು ಹಾರ್ಡ್ ಡಿಸ್ಕ್ ಲೈಟು. ಮೆಮೊರಿ ಸಾಲದೆ ಹ್ಯಾಂಗ್ ಆದರೆ ಮಷಿನ್ ಸ್ವಾಪ್‌ಗೆ, ಅಂದರೆ ರ್‍ಯಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗಕ್ಕೆ, ಬರೆಯುತ್ತಲೇ ಇರುತ್ತದೆ, ಲೈಟು ಬಿಡದೆ ಉರಿಯುತ್ತದೆ. ಸ್ವಲ್ಪ ಕಾದರೆ ಒಮ್ಮೊಮ್ಮೆ ತಾನೇ ಸರಿಯಾಗುವುದೂ ಉಂಟು. ಇಲ್ಲಿ ಲೈಟು ತಣ್ಣಗಿತ್ತು. ಯೂಟ್ಯೂಬ್‌ನ ಹಾಡು ಮಾತ್ರ ಹಿಂದೆ ಓಡುತ್ತಲೇ ಇತ್ತು! ಅಂದರೆ ಸತ್ತಿರುವುದು ಚಿತ್ರ ಮಾತ್ರ, ಮಷಿನ್ ಅಲ್ಲ. ಖಾತ್ರಿಗೆ ಮೊದಲೇ ಎಸ್‌ಎಸ್‌ಎಚ್ ಸರ್ವರ್ (ಬೇರೆ ಸಾಧನದಿಂದ ಮಷಿನ್‌ಗೆ ಲಾಗಿನ್ ಆಗಲು ಬಿಡುವಂಥದ್ದು) ಹಾಕಿಟ್ಟಿದ್ದೆ. ಮತ್ತೆ ಹ್ಯಾಂಗ್ ಆದಾಗ ಮೊಬೈಲ್‌ನ ಟರ್ಮಕ್ಸ್ ಅನ್ನೋ ಕಮಾಂಡ್ ಆ್ಯಪ್‌ನಿಂದ ಒಳಗೆ ಹೋದೆ. ಆರಾಮಾಗಿ ಲಾಗಿನ್ ಆಯಿತು.

ಇಂಥ ಹೊತ್ತಲ್ಲಿ ಪವರ್ ಬಟನ್ ಒತ್ತಿ ಹಿಡಿಯುವುದು ನನಗೆ ಇಷ್ಟವಿಲ್ಲ, ಫೈಲ್ ಕೆಡಬಹುದು. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡಿದುಕೊಂಡು ಎಸ್, ಯು, ಬಿ ಒಂದೊಂದಾಗಿ ಒತ್ತಿ, ನಡುವೆ ಸ್ವಲ್ಪ ಬಿಡುವು ಕೊಡಿ. ಎಸ್ ಬರೆಯಬೇಕಾದ್ದನ್ನು ಡಿಸ್ಕಿಗೆ ಬರೆಯುತ್ತದೆ, ಯು ಡಿಸ್ಕನ್ನು ಓದಲು ಮಾತ್ರ ಬಿಡುತ್ತದೆ, ಬಿ ರೀಬೂಟ್ ಮಾಡುತ್ತದೆ.

ರೀಬೂಟ್ ಆದ ಮೇಲೆ ಜರ್ನಲ್‌ಸಿಟಿಎಲ್ ಕಮಾಂಡಿಗೆ -ಕೆ -ಬಿ -1 ಸೇರಿಸಿ ಹಿಂದಿನ ಸಲದ ಕರ್ನಲ್ (ಲಿನಕ್ಸ್‌ನ ತಿರುಳು) ಬರೆದಿಟ್ಟ ಲಾಗ್ ತೆಗೆದೆ. ಕೊನೆಯಲ್ಲಿ ಸಾಲುಸಾಲಾಗಿ 'ನೂವೋ', 'ಫಿಫೋ', 'ಷೆಡ್ ಎರರ್'. ನೂವೋ ಅಂದರೆ ಎನ್ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡಿಗೆ ಲಿನಕ್ಸ್‌ನಲ್ಲಿ ತಾನಾಗಿ ಬರುವ ಮುಕ್ತ ಡ್ರೈವರ್, ಕಾರ್ಡನ್ನು ನಡೆಸುವ ತಂತ್ರಾಂಶ. ಬಹುಮಟ್ಟಿಗೆ ಕಂಪನಿಯ ದಾಖಲೆಗಳಿಲ್ಲದೆ, ಕಾರ್ಡ್ ಹೇಗೆ ನಡೆಯುತ್ತದೆ ಅಂತ ನೋಡಿನೋಡಿ ಬರೆದದ್ದು. ಬರೆದವರದ್ದು ದೊಡ್ಡ ಕೆಲಸವೇ, ಆದರೆ ನನ್ನ ಜಿಟಿ 710 ಕಾರ್ಡಿಗೆ ಒಗ್ಗಲಿಲ್ಲ. ಟೈಪಿಂಗ್‌ಗೆ ಗ್ರಾಫಿಕ್ಸ್ ಕೆಲಸ ಅಷ್ಟಾಗಿ ಇಲ್ಲ. ಈಗಿನ ಬ್ರೌಸರ್ ಹಾಗಲ್ಲ, ಪುಟ ಬಿಡಿಸುವುದನ್ನೇ ಕಾರ್ಡಿನ ತಲೆಗೆ ಕಟ್ಟುತ್ತದೆ.

ಫೈರ್‌ಫಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಪರ್ಫಾರ್ಮೆನ್ಸ್ ಅಂತಿದೆ. ಅಲ್ಲಿ ಮೊದಲ ಟಿಕ್ ತೆಗೆದರೆ ಹಾರ್ಡ್‌ವೇರ್ ಆಕ್ಸಲರೇಷನ್, ಅಂದರೆ ಕೆಲಸವನ್ನು ಕಾರ್ಡಿಗೆ ಕೊಡುವ ಆಯ್ಕೆ, ಕಾಣಿಸುತ್ತದೆ. ಅದನ್ನೂ ತೆಗೆದು ಬ್ರೌಸರ್ ಮುಚ್ಚಿ ತೆರೆದೆ. ಹ್ಯಾಂಗ್ ನಿಂತಿತು. ಆದರೆ ವಿಡಿಯೊ ನೋಡುವಾಗ ಪ್ರೊಸೆಸರ್ ಒದ್ದಾಡತೊಡಗಿತು. ಅನುಮಾನ ಖಚಿತಪಡಿಸಿಕೊಳ್ಳಲು ಇದು ಒಳ್ಳೆಯ ಉಪಾಯ, ಕಾಯಂ ಪರಿಹಾರ ಅಲ್ಲ.

ಈ ಕಾರ್ಡಿಗೆ ನೂವೋ ಬದಲು ಎನ್ವಿಡಿಯಾದ್ದೇ 470 ಸಾಲಿನ ಡ್ರೈವರ್ ಹಾಕಬಹುದಿತ್ತು. ಅದು ಹಳೆಯ ಸಾಲು. ಹೊಸ ಕರ್ನಲ್ ಬಂದಾಗಲೆಲ್ಲ ಕೂಡುತ್ತದೋ ಇಲ್ಲವೋ ಅಂತ ನೋಡುತ್ತಾ ಕೂರುವುದು ಯಾರಿಗೆ ಬೇಕು? ಅರ್ಜಿ ತುಂಬಲು ಅಷ್ಟೆಲ್ಲ ಯಾಕೆ ಅನ್ನಿಸಿತು. ಕಾರ್ಡನ್ನೇ ಕಿತ್ತು, ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿಗೆ ಹಾಕಿದೆ. ಪ್ರೊಸೆಸರ್ ಒಳಗೇ ಇರುವ ಇಂಟೆಲ್ ಗ್ರಾಫಿಕ್ಸ್ ತಾನಾಗಿ ಎದ್ದಿತು. ಫೈರ್‌ಫಾಕ್ಸ್‌ನಲ್ಲಿ ತೆಗೆದಿದ್ದ ಟಿಕ್ಕುಗಳನ್ನು ಮತ್ತೆ ಹಾಕಿದೆ. ಈಗ ತೊಂದರೆ ಇಲ್ಲ. ನೀವು ಕೀಳುವ ಮುಂಚೆ ಪ್ರೊಸೆಸರ್ ಹೆಸರು ನೋಡಿಕೊಳ್ಳಿ. ಇಂಟೆಲ್‌ನಲ್ಲಿ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ, ಕಾರ್ಡ್ ಬೇಕೇ ಬೇಕು.