ಪಗಾರ ಪುಸ್ತಕದಿಂದ 'ಹೆಣ್ಣಾಳು' ಅನ್ನುವ ಸಾಲು ತೆಗೆದದ್ದು

ಬ್ಯಾಡಗಿಯ ಒಂದು ಮೆಣಸಿನಕಾಯಿ ಘಟಕದಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಶನಿವಾರ ಸಂಜೆ ಪಗಾರ ಹಂಚುವುದೂ ನನ್ನದೇ ಕೆಲಸ. ನಾನು ಸೇರಿದಾಗ ಪುಸ್ತಕದಲ್ಲಿ ಎರಡು ಸಾಲು ಇದ್ದವು: ಗಂಡಾಳು, ಹೆಣ್ಣಾಳು. ದಿನಕ್ಕೆ 70 ರೂಪಾಯಿ ಫರಕು. ನನಗಿಂತ ಮೊದಲಿನವರು ಹಾಗೇ ಬರೆದಿದ್ದರು, ನಾನೂ ಮೂರು ವರ್ಷ ಹಾಗೇ ಬರೆದೆ. ನಮ್ಮ ಕಡೆ ಹೊಲದ ಕೂಲಿಯೂ ಹಾಗೇ ಅಲ್ವಾ? ಹಾಗಾಗಿ ಅದು ತಪ್ಪು ಅಂತ ಅನಿಸಿರಲೇ ಇಲ್ಲ.

ಒಮ್ಮೆ ಕಾರ್ಮಿಕ ಇಲಾಖೆಯವರು ತಪಾಸಣೆಗೆ ಬರುತ್ತಾರೆ ಅಂತ ಸುದ್ದಿ ಬಂತು. ರಿಜಿಸ್ಟರುಗಳನ್ನೆಲ್ಲ ಸರಿ ಮಾಡಿಡಿ ಅಂದರು ಸಾಹುಕಾರರು. ಅದರಲ್ಲಿ ಸಮಾನ ವೇತನ ಕಾಯ್ದೆಯ 'ಡಿ' ನಮೂನೆಯೂ ಒಂದು. ಆಗ ಜಾರಿಯಲ್ಲಿದ್ದದ್ದು 1976ರ ಕಾಯ್ದೆ. ಆ ನಮೂನೆಯಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು, ಪಗಾರ ಎಷ್ಟು ಅಂತ ಬರೆಯಬೇಕಿತ್ತು. ಜೊತೆಗೆ ಕೆಲಸ ಏನು ಅಂತ ಚಿಕ್ಕದಾಗಿ ಬರೆಯುವ ಒಂದು ಕಾಲಂ ಇತ್ತು. ಗಂಡಾಳಿನ ಮುಂದೆ 'ಕಾಯಿ ಆರಿಸುವುದು, ತೂಗುವುದು, ಪಾಕೀಟು ತುಂಬುವುದು, ಸೀಲ್ ಹಾಕುವುದು' ಅಂತ ಬರೆದೆ. ಹೆಣ್ಣಾಳಿನ ಮುಂದೆ ಬರೆಯಲು ಹೋದರೆ ಅದೇ ಮಾತು ಬಂತು. ಬೇರೆ ಏನೂ ಹೊಳೆಯಲಿಲ್ಲ. ಅವತ್ತು ಆ ಫಾರ್ಮು ತುಂಬದೆ ಹಾಗೇ ಇಟ್ಟೆ.

ಮುಂದಿನ ನಾಲ್ಕು ದಿನ ಪೆನ್ಸಿಲ್ಲು, ಹಾಳೆ ಹಿಡಿದು ಕೆಲಸದ ಜಾಗದಲ್ಲೇ ಕೂತೆ. ಒಂದೇ ಮೇಜು, ಎದುರುಬದುರು ಇಬ್ಬರು ಗಂಡಸರು, ಇಬ್ಬರು ಹೆಂಗಸರು. ಕಡ್ಡಿ, ಡಬ್ಬಿ ಅನ್ನುವ ಎರಡು ಜಾತಿಯ ಕಾಯಿ ಬೇರೆ ಮಾಡಬೇಕು. ಬಿಳಿಚಿದ್ದು, ಮುರಿದದ್ದು ತೆಗೆಯಬೇಕು. ಯಾರು ಯಾವ ಕೆಲಸ ಎಷ್ಟು ಹೊತ್ತು ಮಾಡಿದರು ಅಂತ ಗೀಟು ಹಾಕುತ್ತಾ ಹೋದೆ. ಎರಡನೇ ದಿನ ಮಧ್ಯಾಹ್ನ ಒಬ್ಬ ಹಿರಿಯ ಹೆಣ್ಣುಮಗಳು ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದರು. ಉಗುರಿನ ಸಂದಿಯಲ್ಲೆಲ್ಲ ಕೆಂಪು. ನಾನು ಏನು ಬರೆಯುತ್ತಿದ್ದೇನೆ ಅಂತ ಕೇಳಿದರು, ಹೇಳಿದೆ. "ಉರಿ ಎಲ್ಲಾರಿಗೂ ಒಂದ ಐತ್ರಿ ಅಕ್ಕಾರ" ಅಂದರು, ಅಷ್ಟೇ. ಮತ್ತೆ ಕೆಲಸಕ್ಕೆ ಕೂತರು.

ಸಾಹುಕಾರರ ಮುಂದೆ ಹಾಳೆ ಇಟ್ಟೆ. "ಗಂಡಾಳು ಚೀಲಾ ಎತ್ತತಾರಲ್ರೀ" ಅಂದರು. ಈ ಮಾತು ಬರುತ್ತದೆ ಅಂತ ಗೊತ್ತಿತ್ತು, ಅದನ್ನೂ ಎಣಿಸಿಟ್ಟಿದ್ದೆ. ಲಾರಿಗೆ ಹೇರುವುದು, ಇಳಿಸುವುದು ಹಮಾಲರ ಕೆಲಸ, ಅವರಿಗೆ ಚೀಲದ ಲೆಕ್ಕದಲ್ಲಿ ಬೇರೆಯೇ ದುಡ್ಡು. ಒಳಗೆ ಮೇಜಿನ ತನಕ ಚೀಲ ಎಳೆಯುವುದು ದಿನಕ್ಕೆ ಎರಡೋ ಮೂರೋ ಸಲ. ಕಾಯ್ದೆ ಕೇಳುವುದು ಕೌಶಲ, ಶ್ರಮ, ಜವಾಬ್ದಾರಿ ಒಂದೇ ತರಹ ಇದೆಯಾ ಅಂತ. ಲೆಕ್ಕಕ್ಕೆ ಬಾರದ ಸಣ್ಣಪುಟ್ಟ ಫರಕು ಇದ್ದರೆ ಅದು ಕಾರಣ ಆಗುವುದಿಲ್ಲ.

"ಹಂಗಾರ ಗಂಡಾಳಿಗೆ ಕಡಿಮಿ ಮಾಡಿ ಸಮ ಮಾಡೂಣು" ಅಂದರು. ಅದೂ ಆಗುವುದಿಲ್ಲ. ಸಮ ಮಾಡುವ ನೆಪದಲ್ಲಿ ಯಾರ ಪಗಾರವನ್ನೂ ಇಳಿಸಬಾರದು ಅಂತ ಆ ಕಾಯ್ದೆಯ 4ನೇ ಕಲಮಿನಲ್ಲೇ ಇತ್ತು. ಕೊನೆಗೆ ದುಡ್ಡಿನ ಮಾತು ಬಂತು. ಆಗ ಆಡ್ರೆ ಡಿಕೋಸ್ಟಾ ಎಂಬ ಸ್ಟೆನೊಗ್ರಾಫರ್ ಮ್ಯಾಕಿನನ್ ಮೆಕೆಂಜಿ ಕಂಪನಿಯ ವಿರುದ್ಧ ನಡೆಸಿದ ಕೇಸು ಹೇಳಿದೆ. ಸಮ ಪಗಾರ ಕೊಡುವಷ್ಟು ಶಕ್ತಿ ಇಲ್ಲ ಅನ್ನುವುದು ಕಾರಣ ಆಗುವುದಿಲ್ಲ ಅಂತ 1987ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಯೂನಿಯನ್ ಜೊತೆ ಒಪ್ಪಂದ ಆಗಿದ್ದರೂ ಕಾಯ್ದೆಯೇ ದೊಡ್ಡದು ಅಂತಲೂ ಹೇಳಿದೆ. ಸಾಹುಕಾರರು ಸಿಟ್ಟು ಮಾಡಲಿಲ್ಲ. ಒಂದು ವಾರ ಟೈಮ್ ಕೇಳಿದರು. ಅವರು ಕೇಳುವ ಮನುಷ್ಯ ಆಗಿದ್ದಕ್ಕೆ ಇದು ಇಲಾಖೆಯ ಕಚೇರಿಯ ತನಕ ಹೋಗಲಿಲ್ಲ.

ಹೊಸ ಪುಸ್ತಕದಲ್ಲಿ ನಾನು ಆಳಿನ ಹೆಸರು ಬಿಟ್ಟು ಕೆಲಸದ ಹೆಸರು ಬರೆದೆ. ಆರಿಸಿ ತುಂಬುವವರಿಗೆ ಒಂದು ದರ. ಪುಡಿ ಮಾಡುವ ಮೆಷಿನ್ ನಡೆಸುವವರಿಗೆ ಸ್ವಲ್ಪ ಜಾಸ್ತಿ, ಕಲಿಯುವ ಅವಕಾಶ ಎಲ್ಲರಿಗೂ. ಮೊದಲನೇ ಶನಿವಾರ ಒಬ್ಬರು ಪಗಾರ ಎಣಿಸಿ ವಾಪಸ್ ಬಂದರು. "ಅಕ್ಕಾರ, 420 ಜಾಸ್ತಿ ಬಂದೈತಿ, ನೋಡ್ರಿ." ಪುಸ್ತಕ ತಿರುಗಿಸಿ ತೋರಿಸಿದೆ. ಅವರು ಬಹಳ ಹೊತ್ತು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದರು.

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. ಈ ವಿಷಯ ಈಗ ಅದರ 3ನೇ ಕಲಮಿನಲ್ಲಿದೆ. ಪಗಾರ ಇಳಿಸಿ ಸಮ ಮಾಡಬಾರದು ಅನ್ನುವುದು ಅಲ್ಲೂ ಉಳಿದಿದೆ.

ಒಂದು ವಿಷಯ ಮಾತ್ರ ನನಗೆ ಇನ್ನೂ ನೋವು. ತೊಟ್ಟು ಬಿಡಿಸುವವರು ನಮ್ಮಲ್ಲಿ ಎಲ್ಲರೂ ಹೆಂಗಸರೇ, ಅದೂ ಕಿಲೋ ಲೆಕ್ಕದ ಕೂಲಿ. ಆ ಕೆಲಸಕ್ಕೆ ಒಬ್ಬ ಗಂಡಸೂ ಇಲ್ಲ. ಹಾಗಿದ್ದಾಗ ಯಾರ ಪಗಾರದ ಜೊತೆ ಹೋಲಿಸಿ ಕೇಳುವುದು? ಅಲ್ಲಿ ನಾನು ಕನಿಷ್ಠ ವೇತನದ ದಾರಿ ಹಿಡಿದಿದ್ದೇನೆ. ಎಂಟು ತಾಸಿನಲ್ಲಿ ಒಬ್ಬರು ಎಷ್ಟು ಕಿಲೋ ಬಿಡಿಸುತ್ತಾರೆ, ಕೈಗೆ ಎಷ್ಟು ಬೀಳುತ್ತದೆ ಅಂತ ದಿನಾ ಬರೆದಿಡುತ್ತಿದ್ದೇನೆ. ಸದ್ಯಕ್ಕೆ ಹನ್ನೊಂದು ದಿನದ ಲೆಕ್ಕ ಆಗಿದೆ.